ಅಳಿಸಿದರೂ ಮರಳಿದ ಹೆಸರು

ನಮ್ಮಣ್ಣ ಬುದ್ಧಿವಂತ ಅಂತ ಎಲ್ಲರೂ ಹೇಳ್ತಾರೆ. ನನ್ನನ್ನು ಕೇಳಿದರೆ, ಆ ಬುದ್ಧಿಗಿಷ್ಟು ಬೆಂಕಿ ಹಾಕ.

ಆಸ್ಪತ್ರೆಯ ನಾಲ್ಕು ಕಟ್ಟಡಗಳ ಕಂಪ್ಯೂಟರ್‌ಗಳನ್ನು ಕೇಬಲ್‌ನಿಂದ ಜೋಡಿಸಿ, ಯಾವ ಮಾಹಿತಿ ಎಲ್ಲಿರಬೇಕು ಅಂತ ಯೋಜಿಸೋದು ಅವನ ಕೆಲಸ. ನಾನು ಅಲ್ಲೇ ಮುಂಬಾಗಿಲಲ್ಲಿ ಚೀಟಿ ಬರೆಯೋಳು. ಎಲ್ಲವನ್ನೂ ಒಂದೇ ಯಂತ್ರಕ್ಕೆ ತುಂಬಿದರೆ, ಅದು ಕೆಟ್ಟ ದಿನ ಆಸ್ಪತ್ರೆಯೇ ಕುರುಡಾಗುತ್ತೆ ಅನ್ನೋನು ಅಣ್ಣ. ಹಾಗಾಗಿ ಲ್ಯಾಬಿನದ್ದು ಲ್ಯಾಬಿನಲ್ಲೇ, ಔಷಧಿಯದ್ದು ಔಷಧಿ ಕೋಣೆಯಲ್ಲೇ. ಡ್ಯೂಟಿ ಪಟ್ಟಿ ಮಾತ್ರ ನಾಲ್ಕೂ ಕಡೆ. ಒಂದರಲ್ಲಿ ತಿದ್ದಿದರೆ ಉಳಿದ ಮೂರೂ ತಾವೇ ತಿದ್ದಿಕೊಳ್ಳಬೇಕು.

ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳೊಬ್ಬಳಿದ್ದಳು. ಅವಳ ಕಂಪ್ಯೂಟರ್ ಗುಂಡುಕಲ್ಲಿನ ಹಾಗಿದ್ದರೂ ಅಣ್ಣ ದಿನಾ ಹೋಗಿ ಕೇಬಲ್ ಬಿಚ್ಚಿ, ಮತ್ತೆ ಹಾಕಿ ಬರ್ತಿದ್ದ. ಮೂರು ವರ್ಷ! ಬಾಯಿಗೆ ಬೀಗ ಜಡಿದುಕೊಂಡಿದ್ದನೇನೋ, ಮನಸ್ಸಿನಲ್ಲಿದ್ದದ್ದನ್ನು ಹೇಳಲಿಲ್ಲ. ಅವಳು ಬೇರೆ ಊರಲ್ಲಿ ಕೆಲಸ ಸಿಕ್ಕಿ ಹೊರಟಳು. ಅಣ್ಣ ಕೈಯಾರೆ ಪಟ್ಟಿಯಿಂದ ಅವಳ ಹೆಸರು ಅಳಿಸಿ ಬಂದು, ಊಟ ಬೇಡ ಅಂದು ಗೋಡೆಗೆ ಮುಖ ಮಾಡಿ ಮಲಗಿದ.

ವಾರದ ಮೇಲೆ ಆ ಹೆಸರು ನಾಲ್ಕೂ ಕಟ್ಟಡದಲ್ಲಿ ಮತ್ತೆ ಕಾಣಿಸಿತು: ಸೋಮವಾರ, ಬೆಳಗಿನ ಪಾಳಿ. ಅವಳ ಕೊನೆಯ ದಿನ ಕೇಬಲ್ ಬಿಚ್ಚಿದವನು ಮತ್ತೆ ಹಾಕೋದನ್ನೇ ಮರೆತಿದ್ದ, ಪುಣ್ಯಾತ್ಮ. ಹೆಸರು ಅಳಿಸಿದ ಸುದ್ದಿ ಲ್ಯಾಬಿನ ಆ ಯಂತ್ರಕ್ಕೆ ತಲುಪಿರಲೇ ಇಲ್ಲ. ಯಾರೋ ಕೇಬಲ್ ಸಿಕ್ಕಿಸಿದ್ದೇ ತಡ, ಅದು ತನ್ನ ಹಳೆಯ ಪಟ್ಟಿಯನ್ನು ಉಳಿದವಕ್ಕೂ ಹಂಚಿಬಿಟ್ಟಿತು. ಅಣ್ಣ ತಪ್ಪು ಹುಡುಕ್ತಿದೀನಿ ಅಂತ ಎರಡು ದಿನ ತಳ್ಳಿದ. ಸುಳ್ಳು, ಹೆಸರು ನೋಡ್ತಾ ಕೂತಿದ್ದ. ಕೊನೆಗೆ ಸರಿಮಾಡಿದ.

ಆ ಸಂಜೆಯೇ ಅವಳ ಫೋನ್ ಬಂತು. ಲ್ಯಾಬಿನ ಗೆಳತಿ ವಿಷಯ ತಿಳಿಸಿದ್ದಳಂತೆ. ನಾನು ಪಕ್ಕದಲ್ಲೇ ಬಟ್ಟೆ ಮಡಚ್ತಿದ್ದೆ, ಎಲ್ಲ ಕೇಳಿಸ್ತು.

"ನನ್ನ ಹೆಸರು ಇನ್ನೂ ಇದೆಯಂತೆ. ಅಳಿಸೋಕೆ ನಿಮಗೆ ಮನಸ್ಸು ಬರಲಿಲ್ಲವೇನೋ ಅಂದುಕೊಂಡೆ."

ಹೂಂ ಅನ್ನೋ ಅಂತ ನಾನು ಕಣ್ಣು, ಕೈ ಎಲ್ಲದರಲ್ಲೂ ಸನ್ನೆ ಮಾಡಿದೆ.

"ಇಲ್ಲ ಇಲ್ಲ, ಅದು ಕೇಬಲ್ ತೊಂದರೆ," ಅಂದ. "ಈಗ ನಾಲ್ಕೂ ಕಡೆ ಅಳಿಸಿದೀನಿ. ಇನ್ಮೇಲೆ ಬರಲ್ಲ."

ಅವಳು, ಒಳ್ಳೇದಾಯ್ತು ಅಂದು ಫೋನ್ ಇಟ್ಟಳು.

ಇದಾಗಿ ಹತ್ತು ವರ್ಷ. ಕಟ್ಟಡ ಹನ್ನೊಂದಾದವು. ಈಗಲೂ ಪ್ರತಿ ಸೋಮವಾರ ಬೆಳಿಗ್ಗೆ ಅಣ್ಣ ನನ್ನ ಮೇಜಿನ ಹತ್ತಿರ ಬಂದು ಡ್ಯೂಟಿ ಪಟ್ಟಿಯನ್ನು ಎರಡೆರಡು ಸಲ ಓದ್ತಾನೆ. ಮೊನ್ನೆ ತಡೆಯಲಾರದೆ, ಯಾರನ್ನ ಹುಡುಕ್ತಿದೀಯೋ ಅಂತ ರೇಗಿದೆ.

"ತುಂಬಾ ಚೆನ್ನಾಗಿ ಕಟ್ಟಿಬಿಟ್ಟೆ ಕಣೆ," ಅಂದ. "ತಪ್ಪೇ ಆಗ್ತಿಲ್ಲ."