ಪೆಟ್ರೋಲಿಗೆ ಜಗ್ಗದ ಪಾಲಿಶ್

ಸಾಗರದಲ್ಲಿ ನನ್ನದು ಬಾಗಿಲು, ಬೀರು, ತೊಟ್ಟಿಲುಗಳಿಗೆ ಪಾಲಿಶ್ ಮಾಡುವ ಕೆಲಸ. ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಬಟ್ಟೆ ಸುತ್ತಿದ ಹತ್ತಿಯಿಂದ ಮರಕ್ಕೆ ತಿಕ್ಕುತ್ತಾ ಹೋಗುವುದು. ಎಂಬತ್ತರ ದಶಕದ ಆರಂಭದ ಹೊತ್ತಿಗೆ ತೀರ್ಥಹಳ್ಳಿಯವರೂ ನನ್ನನ್ನು ಕರೆಸಿಕೊಳ್ಳುತ್ತಿದ್ದರು. ಅದು ಸ್ವಲ್ಪ ತಲೆಗೇರಿತ್ತು. ಯಾರಾದರೂ ಬೇರೆ ವಾರ್ನಿಶ್ಶಿನ ಮಾತೆತ್ತಿದರೆ, ಪಾಪ, ಗೊತ್ತಿಲ್ಲ ಇವರಿಗೆ ಎಂದು ನೋಡುತ್ತಿದ್ದೆ.

ಒಂದು ಬೇಸಿಗೆಯಲ್ಲಿ ಹೊಸನಗರದಿಂದ ಒಬ್ಬರು ಬಂದರು. ವಾಯುಪಡೆಯಲ್ಲಿ ವಿಮಾನ ರಿಪೇರಿ ಮಾಡಿಕೊಂಡಿದ್ದು, ನಿವೃತ್ತರಾಗಿ ಊರಿಗೆ ಮರಳಿದವರು. ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡೇ ತಂದಿದ್ದ ಗಂಟನ್ನು ಬಿಚ್ಚಿದರು. ಹಳೇ ಸೀರೆಯೊಳಗೆ ಎರಡು ಮೊಳ ಅಗಲದ ವಿಮಾನ. ಹಗುರ ಮರದ ಮೈ, ಮೂತಿಯಲ್ಲಿ ಪುಟ್ಟ ಎಂಜಿನ್. ಮೈದಾನದ ಮಧ್ಯೆ ತಂತಿ ಹಿಡಿದು ನಿಂತರೆ ಸುತ್ತಲೂ ನಿಜವಾಗಿಯೇ ಹಾರುತ್ತದಂತೆ. ನೀಲಿ ರೆಕ್ಕೆಯ ಮೇಲೆ ಬಿಳಿ ಅಂಕೆಗಳಿದ್ದವು. ಅವರು ಕೊನೆಯದಾಗಿ ಕೆಲಸ ಮಾಡಿದ ವಿಮಾನದ ನಂಬರಂತೆ.

ಅಂಕೆಗಳು ಸೊಟ್ಟಗಿದ್ದವು. ಕಾರಣ ಕೇಳಬೇಕಾಗಿರಲಿಲ್ಲ. ಅವರ ಬಲಗೈ ಬೆಂಚಿನ ಮೇಲೆ ಊರಿದ್ದರೂ ನಡುಗುತ್ತಿತ್ತು.

"ಇಷ್ಟು ಬರಿಯೋಕೆ ನಾಕು ತಿಂಗ್ಳು ಹಿಡೀತು ಮಾರಾಯ್ರೆ," ಎಂದರು. "ಇನ್ನೊಂದ್ಸಲ ಈ ಕೈಯಲ್ಲಿ ಆಗಲ್ಲ. ಎಂಜಿನ್ ಉಗುಳೋ ಎಣ್ಣೆ ಬಿದ್ರೆ ಬಣ್ಣ ಏಳ್ತದೆ. ಅದಕ್ಕೆ ಜಗ್ಗದಂಥ ಕ್ಲಿಯರ್ ವಾರ್ನಿಶ್ ಏನಾದ್ರೂ ಮೇಲೆ ಹೊಡೀಬೇಕು. ಈ ಎಣ್ಣೆ ಉಂಟಲ್ಲ, ಇದ್ರಲ್ಲಿ..."

ನಾನು ಮಾತು ಮುಗಿಸಲು ಬಿಡಲಿಲ್ಲ. ಪಾಲಿಶ್ ಮಾಡಿಟ್ಟಿದ್ದ ಒಂದು ತುಂಡು ಹಲಗೆ ಎತ್ತಿಕೊಂಡು, ಮೊಪೆಡ್ಡಿನಿಂದ ಒಂದಿಷ್ಟು ಪೆಟ್ರೋಲ್ ಇಳಿಸಿ ಅದರ ಮೇಲೆ ಸುರಿದೆ. ಬಟ್ಟೆಯಿಂದ ಗಸಗಸ ಉಜ್ಜಿದೆ. ಹೊಳಪು ಒಂದಿಷ್ಟೂ ಅಲುಗಲಿಲ್ಲ. "ನೋಡಿ ಸಾರ್, ಇದು ನನ್ನ ಪಾಲಿಶ್," ಎಂದೆ. ಅವರು ಹಲಗೆಯನ್ನು ನೋಡಿದರು, ನನ್ನ ಮುಖ ನೋಡಿದರು, ವಿಮಾನವನ್ನು ಬಿಟ್ಟುಹೋದರು.

ಒಂಬತ್ತು ಕೈ ಪಾಲಿಶ್ ಕೊಟ್ಟೆ. ಮದುವೆ ಮಂಚಕ್ಕೂ ನಾನು ಅಷ್ಟು ಕೊಟ್ಟವನಲ್ಲ.

ಹೊಸನಗರದ ಶಾಲಾ ಮೈದಾನದಲ್ಲಿ ಮೊದಲ ಹಾರಾಟ. ನಾನೂ ಹೋಗಿದ್ದೆ, ಹೊಗಳಿಸಿಕೊಳ್ಳುವ ಆಸೆಯಿಂದಲೇ. ಎಂಜಿನ್ ಕಿರ್ರೆಂದು ಶುರುವಾಯಿತು. ಸಣ್ಣ ಹೊಗೆ ಬಂತು, ಹರಳೆಣ್ಣೆ ಕಾಯಿಸಿದ ವಾಸನೆ ಬಂತು. ವಿಮಾನ ಚೆನ್ನಾಗಿಯೇ ಹಾರಿ ಇಳಿಯಿತು. ಹತ್ತಿರ ಹೋಗಿ ನೋಡಿದರೆ ರೆಕ್ಕೆ ಮಜ್ಜಿಗೆ ಚೆಲ್ಲಿದ ಹಾಗೆ ಬೆಳ್ಳಗಾಗಿತ್ತು. ವಾಯುಪಡೆಯ ಅಭ್ಯಾಸ, ಅವರು ಕರವಸ್ತ್ರ ತೆಗೆದು ಎಣ್ಣೆ ಒರೆಸಿದರು. ಅಂಟಂಟಾಗಿದ್ದ ಪಾಲಿಶ್ ಬಟ್ಟೆಗೆ ಹತ್ತಿಕೊಂಡು ಎದ್ದು ಬಂತು. ಅದರ ಹಿಂದೆಯೇ ಅಂಕೆಗಳೂ ಬಂದವು.

"ಎಂತಾ ಪೆಟ್ರೋಲ್ ಹಾಕಿದ್ರಿ ಸಾರ್?" ಎಂದೆ. ತಪ್ಪು ಪೆಟ್ರೋಲಿನದೇ ಇರಬೇಕು ಎಂಬ ಧಾಟಿಯಲ್ಲಿ.

"ಇದಕ್ಕೆ ಪೆಟ್ರೋಲ್ ಎಲ್ಲಿ ಹಾಕ್ತಾರೆ? ಮೆಥನಾಲು. ಒಂಥರಾ ಸ್ಪಿರಿಟ್ಟೇ ಅದು. ಜೊತೆಗೆ ಹರಳೆಣ್ಣೆ."

ದಿನಾ ಬೆಳಿಗ್ಗೆ ಸ್ಪಿರಿಟ್ಟಿನಲ್ಲಿ ಅರಗು ಕರಗಿಸುವವನು ನಾನು. ಅರಗು ಸ್ಪಿರಿಟ್ಟಿಗೆ ಕರಗುತ್ತದೆಂದು ಸಾಗರದಲ್ಲಿ ನನಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು? ಅಂದು ಅವರಿಗೆ ಮಾತು ಮುಗಿಸಲು ಬಿಟ್ಟಿದ್ದರೆ ಸಾಕಿತ್ತು. ನಾಚಿಕೆಯಾಯಿತು. ಅವರು ಬೈದಿದ್ದರೆ ಸ್ವಲ್ಪ ಹಗುರಾಗುತ್ತಿತ್ತೇನೋ, ಬೈಯಲಿಲ್ಲ.

ವಿಮಾನದ ಜೊತೆ ಆ ಎಣ್ಣೆಯದೂ ಒಂದು ಬಾಟಲಿ ಕೇಳಿ ತಂದೆ. ಈ ಸಲ ತುಂಡು ಹಲಗೆಗಳಿಗೆ ಅದೇ ನೀಲಿ ಬಣ್ಣ ಹೊಡೆದು, ಸಿಕ್ಕಿದ್ದನ್ನೆಲ್ಲ ಮೇಲೆ ಹಚ್ಚಿ ನೋಡಿದೆ. ಕುದಿಸಿದ ಎಣ್ಣೆಯ ವಾರ್ನಿಶ್ ಹಳದಿಗಟ್ಟಿ ಮೆತ್ತಗಾಯಿತು. ಲಾರಿ ಕ್ಯಾಬಿನ್ನಿಗೆ ಹೊಡೆಯುವ ಲ್ಯಾಕರ್ ಅರ್ಧ ಗಂಟೆ ತಡೆಯಿತು. ಕೊನೆಗೆ ಶಿವಮೊಗ್ಗದ ಬಣ್ಣದಂಗಡಿಯವರು ಎರಡು ಡಬ್ಬಿಯದನ್ನು ಬೆರೆಸಿ ಹಚ್ಚುವ ಹೊಸ ಕ್ಲಿಯರ್ ಕೊಟ್ಟರು. ಹಸಿ ಬಣ್ಣದ ಮೇಲೆ ಹಚ್ಚಿದರೆ ಅದು ಬಣ್ಣವನ್ನೇ ಸುಕ್ಕುಗಟ್ಟಿಸಿತು. ಮೂರು ವಾರ ಒಣಗಿದ ಬಣ್ಣದ ಮೇಲೆ ತೆಳ್ಳಗೆ ಹೊಡೆದರೆ ಗಾಜಿನಂತೆ ಕೂತಿತು. ಮೂರು ದಿನ ಎಣ್ಣೆಯಲ್ಲಿ ನೆನೆಸಿಟ್ಟರೂ ಜಗ್ಗಲಿಲ್ಲ.

ರೆಕ್ಕೆಗೆ ಹೊಸದಾಗಿ ನೀಲಿ ಹೊಡೆದು, ಅಂಕೆ ಬರೆಯಲು ಅವರನ್ನೇ ಕರೆಸಿದೆ. ಬಿಳಿ ಬಣ್ಣದ ಡಬ್ಬಿ, ಸಣ್ಣ ಬ್ರಷ್ಷು ಇಟ್ಟು ಪಕ್ಕಕ್ಕೆ ಸರಿದೆ. ಎಷ್ಟು ತಿಂಗಳಾದರೂ ಕಾಯುತ್ತೇನೆ ಎಂದೆ. ಅವರು ಬ್ರಷ್ ಅದ್ದಿದರು. ರೆಕ್ಕೆಯ ಹತ್ತಿರ ತಂದರು. ಸ್ವಲ್ಪ ಹೊತ್ತು ಕೈಯನ್ನೇ ನೋಡುತ್ತಾ ಕೂತರು. ಬ್ರಷ್ಷಿನಿಂದ ಒಂದು ತೊಟ್ಟು ಬೆಂಚಿನ ಮೇಲೆ ಬಿತ್ತು.

"ನೀವೇ ಬರೀರಿ," ಎಂದು ನನ್ನ ಕೈಗೆ ಕೊಟ್ಟರು.

ಬರೆದೆ. ಅಂಗಡಿ ಬೋರ್ಡುಗಳನ್ನೂ ಬರೆದ ಕೈ ನನ್ನದು, ಅಂಕೆಗಳು ನೆಟ್ಟಗೆ ಬಂದವು.

ಮೂರು ವಾರ ಒಣಗಲು ಬಿಟ್ಟು ಮೇಲೆ ಆ ಕ್ಲಿಯರ್ ಹೊಡೆದುಕೊಟ್ಟೆ. ಮಳೆಗಾಲ ಮುಗಿದ ಮೇಲೆ ತೀರ್ಥಹಳ್ಳಿಯ ಕಾಲೇಜು ಮೈದಾನದಲ್ಲಿ ಹಾರಿಸಿದರು. ಇಳಿದ ವಿಮಾನವನ್ನು ಕರವಸ್ತ್ರದಿಂದ ಒತ್ತಿ ಒರೆಸಿದರು. ಎಣ್ಣೆ ಮಾತ್ರ ಬಂತು. ಬಣ್ಣ ಕೂದಲಿನಷ್ಟೂ ಕದಲಲಿಲ್ಲ. ಸುತ್ತ ಸೇರಿದ್ದವರಲ್ಲಿ ಒಬ್ಬ ಮೇಷ್ಟ್ರು ಬಗ್ಗಿ ನೋಡಿ, "ನಂಬರ್ ಎಷ್ಟು ಚಂದ ಬರ್ದಿದೀರಿ ಸಾರ್!" ಎಂದರು.

ಅವರು ನನ್ನತ್ತ ತೋರಿಸಿ, "ನಾನಲ್ಲ, ಇವ್ರು ಬರ್ದಿದ್ದು," ಎಂದರು. ತೋರಿಸಿದ ಕೈಯನ್ನು ಮೆಲ್ಲಗೆ ಜೇಬಿಗೆ ಇಳಿಸಿದರು.