ಝಡತಿ ಬಾಗಿಲಿನ ಬಸವಣ್ಣೆವ್ವ

ಪುಣೆಯ ಪಕ್ಕದ ಖಡಕಿಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಡೇರೆ ಹೊಲಿಯುವ ಕಂಪನಿಯ ಹೆಂಗಸರ ಬಾಗಿಲಲ್ಲಿ, ಗೋಣಿತಾಟಿನ ಪರದೆಯ ಹಿಂದೆ, ಬಸವಣ್ಣೆವ್ವ ಎರಡೂ ಅಂಗೈಗಳನ್ನು ತಿಕ್ಕಿ ಬಿಸಿ ಮಾಡಿಕೊಳ್ಳುತ್ತಿದ್ದಾರೆ. ಮಾಗಿಯ ಚಳಿಯಲ್ಲಿ ತಣ್ಣನೆಯ ಕೈ ಸೋಕಿದರೆ ಹೆಂಗಸರು ಬೆಚ್ಚುತ್ತಾರೆ, ಅದಕ್ಕೆ. ಕಾರಖಾನೆಯ ಭೋಂಗಾ ಕೂಗುತ್ತಲೇ ಸಾಲು ಮುಂದೆ ಸರಿಯುತ್ತದೆ. ಒಬ್ಬೊಬ್ಬರೇ ಒಳಗೆ ಬಂದು ತೋಳೆತ್ತಿ ನಿಲ್ಲುತ್ತಾರೆ. ಪರದೆಯ ಒಳಗಿನ ಸಂಗತಿಯನ್ನು ಬಸವಣ್ಣೆವ್ವನವರೂ ಸಾಲಿನ ಹೆಂಗಸರೂ ಹೇಳಿದಂತೆ ಬರೆದಿದ್ದೇನೆ.

ಈ ಮೈ ತಪಾಸಣೆಗೆ ಇಲ್ಲಿ ಝಡತಿ ಎನ್ನುತ್ತಾರೆ. ಬೆಳಿಗ್ಗೆ ಹುಡುಕುವುದು ಕಡ್ಡಿಪೆಟ್ಟಿಗೆ, ತಂಬಾಕು. ಮೇಣ ಹಚ್ಚಿದ ಡೇರೆ ಬಟ್ಟೆಗೆ ಒಂದು ಕಿಡಿ ಸಾಕು. ಸಂಜೆ ಹುಡುಕುವುದು ನೂಲಿನ ಉಂಡೆ ಮತ್ತು ಡೇರೆಯ ಅಂಚಿಗೆ ಬಡಿಯುವ ಹಿತ್ತಾಳೆಯ ಬಳೆ. ಯುದ್ಧ ಶುರುವಾದಾಗಿನಿಂದ ಲಷ್ಕರಕ್ಕೆ ಎಷ್ಟು ಡೇರೆ ಹೊಲಿದರೂ ಸಾಲದು. ಸುಮಾರು ಮುನ್ನೂರು ಹೆಂಗಸರು ಹೊಲಿಯುತ್ತಾರೆ. ಝಡತಿಗೆ ಇರುವವರು ಬಸವಣ್ಣೆವ್ವ ಒಬ್ಬರೇ.

"ನನ್ನ ಗಂಡ ಸುದ್ದಾ ಇಷ್ಟು ಹುಡುಕೂದಿಲ್ಲ ಮಾವಶಿ" ಎಂದು ಒಳಗಿನಿಂದ ಒಬ್ಬಳ ದನಿ.

"ಅವಗ ಪಗಾರ ಕೊಟ್ಟು ನೋಡು, ಹುಡುಕ್ತಾನ. ನಡೀ ಮುಂದ."

ಸಾಲಿನಲ್ಲಿ ನಗು ಏಳುತ್ತದೆ. ಇದೆಲ್ಲ ಮರಾಠಿಯಲ್ಲಿ. ಬಸವಣ್ಣೆವ್ವ ಬೈಲಹೊಂಗಲದ ಕಡೆಯವರು. ಗಂಡ ಇಲ್ಲಿಯ ಲಷ್ಕರದ ಕುದುರೆಲಾಯದಲ್ಲಿ ದುಡಿಯುತ್ತಿದ್ದರು. ಅವರು ಜ್ವರದಲ್ಲಿ ತೀರಿಕೊಂಡ ಮೇಲೆ ಊರಿಗೆ ಮರಳದೆ ಈ ಕಂಪನಿಯಲ್ಲಿ ಹೊಲಿಗೆಗೆ ಸೇರಿದರು. ದಪ್ಪ ಸೂಜಿ ಹೆಬ್ಬೆರಳಿನ ಮೂಳೆಗೆ ಹೊಕ್ಕಿತು. ಬೆರಳು ಮಡಿಸಲು ಬಾರದೆ ಹೋದಾಗ ಕಂಪನಿ ಪಗಾರ ಇಳಿಸಿ, ಅವರನ್ನು ಬಾಗಿಲಿಗೆ ಹಾಕಿತು. ಇದನ್ನು ಕಂಪನಿಯವರು ದಯೆ ಎನ್ನುತ್ತಾರೆ. ನನಗೆ ಬೇರೆ ಶಬ್ದ ತೋಚುತ್ತದೆ, ಪತ್ರಿಕೆಯಲ್ಲಿ ಬರೆಯುವಂಥದ್ದಲ್ಲ.

ಬಾಗಿಲಲ್ಲಿ ಮೊದಲು ಒಂದು ಸ್ಟೂಲು ಇತ್ತು. ಹೋದ ವರ್ಷ ಹೊಸ ಮ್ಯಾನೇಜರರು ಬಂದವರೇ ಅದನ್ನು ತೆಗೆಸಿದರು. ಕೂತರೆ ಕೆಲಸದ ಮೇಲೆ ಲಕ್ಷ್ಯ ಇರುವುದಿಲ್ಲವಂತೆ. ನಡು ಹಗಲಲ್ಲಿ ಝಡತಿ ಇರುವುದಿಲ್ಲ ಎಂದು ನೀರು ತುಂಬುವುದು, ಆಫೀಸಿನ ಕಸ ಗುಡಿಸುವುದು, ಸಾಹೇಬರ ಮನೆಗೆ ಕಾಯಿಪಲ್ಯ ತರುವುದು ಇವೆಲ್ಲ ಸೇರಿಕೊಂಡವು. ಸಂಜೆಯ ಹೊತ್ತಿಗೆ ಅವರ ಕಾಲು ಬಾತು ಪಾದದ ಮೇಲೆ ಬೆರಳೊತ್ತಿದರೆ ಕುಳಿ ಬೀಳುತ್ತದೆ.

"ಕಾಲು ಬಿಡ್ರಿ, ಅದು ನನ್ನದು" ಎನ್ನುತ್ತಾರೆ. "ಸಂಜೀಕ ಸಾಲಿನಾಗ ನಿಂತ ಹುಡುಗ್ಯಾರ ಕುಬಸ ನೋಡಬೇಕ್ರಿ. ಹಾಲು ಸೋರಿ ತೊಯ್ದಿರತಾವ. ಮನ್ಯಾಗ ಕೂಸು ಅಳತಿರತದ, ಇಲ್ಲಿ ನಾ ಒಬ್ಬಾಕಿ ಎಷ್ಟಂತ ಬಿಡಲಿ? ನನಗ ಬೈತಾವ. ಬೈಲಿ, ಮತ್ಯಾರಿಗೆ ಬೈಬೇಕು?"

ಯಾರಿಗೆ ಬೈಯಬೇಕೆಂದು ನಾನು ಹೇಳಬಲ್ಲೆ. ಸಂಜೆಯ ಭೋಂಗಾ ಕೂಗಿದೊಡನೆ ಪಗಾರ ನಿಲ್ಲುತ್ತದೆ, ಝಡತಿ ಮುಗಿಯದೆ ಮನೆಗೆ ಬಿಡುವುದಿಲ್ಲ. ಕೊನೆಯವಳು ಹೊರಬೀಳಲು ಒಂದು ತಾಸಿಗೂ ಮಿಕ್ಕಿ ಬೇಕು. ಈ ಹೊತ್ತು ಯಾರದು? ಇನ್ನೊಬ್ಬಳನ್ನು ನೇಮಿಸಿ ಎಂದು ಬಸವಣ್ಣೆವ್ವ ಎರಡು ಸಲ ಕೇಳಿದ್ದಾರೆ. ಕೈ ಚುರುಕು ಮಾಡು ಎಂಬುದು ಬಂದ ಉತ್ತರ.

ಕೈಯ ವಿಷಯ ಬಂತು, ಹೇಳಿಬಿಡಬೇಕು. ನೂಲು ಹುಡುಕುವ ಕೈಗೆ ನೂಲು ಸಿಗುವುದು ಅಪರೂಪ. ಸಿಗುವುದು ಜ್ವರ, ಎದ್ದು ಕಾಣುವ ಪಕ್ಕೆಲುಬು, ರಾತ್ರಿ ತಿಂದ ಏಟಿನ ಬಾವು. ಮನೆಯವರಿಗೆ ತಿಳಿಯುವ ಮೊದಲೇ ಯಾರು ಬಸುರಿ ಎಂಬುದೂ ಸಿಗುತ್ತದೆ.

ಇದು ಮ್ಯಾನೇಜರರಿಗೆ ಹೊಳೆದದ್ದು ಹೋದ ದೀಪಾವಳಿಯ ಸುಮಾರಿಗೆ. ಮುಂಬಯಿ ಇಲಾಖೆಯಲ್ಲಿ ಹೆರಿಗೆಯ ಕಾಯದೆ ಬಂದು ಹದಿನೈದು ವರ್ಷವಾಗುತ್ತ ಬಂತು. ಸಾಕಷ್ಟು ತಿಂಗಳು ದುಡಿದ ಹೆಂಗಸಿಗೆ ಹೆರಿಗೆಯ ಹಿಂದುಮುಂದಿನ ವಾರಗಳಿಗೆ ಕಾರಖಾನೆಯೇ ಭತ್ಯೆ ಕೊಡಬೇಕು. ಆದರೆ ಬಸುರು ಕಾಣಿಸುವ ಮೊದಲೇ, ಕೆಲಸ ಕಡಿಮೆಯಾಗಿದೆ ಎಂದು ಅವಳನ್ನು ಮನೆಗೆ ಕಳಿಸಿಬಿಟ್ಟರೆ?

ಮ್ಯಾನೇಜರ್ ಮಾರ್ತಾಂಡರಾಯರು ಧಾರವಾಡದವರು, ಓದಿದವರು. ಬಸವಣ್ಣೆವ್ವನನ್ನು ಆಫೀಸಿಗೆ ಕರೆಸಿ, ಅಲ್ಲಿದ್ದ ಗುಮಾಸ್ತರಿಗೆ ತಿಳಿಯದಂತೆ ಕನ್ನಡದಲ್ಲಿ ಮಾತಾಡಿದರಂತೆ. "ನೀನೂ ನಮ್ಮ ಕಡಿಯಾಕಿ. ಎರಡು ಮೂರು ತಿಂಗಳಿದ್ದಾಗಲೇ ಬಂದು ನನ್ನ ಕಿವ್ಯಾಗ ಹೇಳು, ಸಾಕು. ಮುಂದ ಹೊಟ್ಟಿ ಕಂಡ್ರ ಕಾಯದೆ ಅಡ್ಡ ಬರ್ತದ."

"ಏನಂದ್ರಿ ನೀವು?" ಎಂದು ನಾನು ಕೇಳಿದೆ.

"ಏನೂ ಅನಲಿಲ್ರಿ. ಬುಟ್ಟಿ ಕೊಟ್ರು, ಬದನೀಕಾಯಿ ತರಾಕ ಹೋದೆ."

ಎರಡೂ ಕಡೆಯ ಮಾತು ಕೇಳಬೇಕೆಂದು ನಾನು ಮ್ಯಾನೇಜರರನ್ನೂ ಕಂಡೆ. ಅಂಥ ಮಾತೇ ಆಡಿಲ್ಲ ಎಂದರು. ನಾನು ಏಳುವಾಗ, "ನಾವು ಡೇರೆ ಹೊಲಿಸ್ತೇವ್ರಿ, ಸೂತಿಕಾಗೃಹ ನಡಸೂದಿಲ್ಲ" ಎಂದೂ ಸೇರಿಸಿದರು. ಎರಡನ್ನೂ ಬರೆದುಕೊಂಡಿದ್ದೇನೆ.

ಬಸವಣ್ಣೆವ್ವ ತಿಂಗಳುಗಟ್ಟಲೆ ಏನೂ ಹೇಳಲಿಲ್ಲ. ಮ್ಯಾನೇಜರರ ತಾಳ್ಮೆ ಮುಗಿಯಿತು. ಹೋದ ಶನಿವಾರ ಸಂಜೆ ಅವರೇ ಬಂದು ಪರದೆಯ ಹೊರಗೆ ನಿಂತರು. ಸಾಲಿನಲ್ಲಿ ಒಬ್ಬ ಹೊಲಿಗೆಯವಳಿದ್ದಳು. ಅಕ್ಕು ಎನ್ನೋಣ, ಅದು ಅವಳ ನಿಜವಾದ ಹೆಸರಲ್ಲ. ಅವಳು ಬೆಳಿಗ್ಗೆ ವಾಂತಿ ಮಾಡಿದ್ದನ್ನು ಹೊಲಿಗೆಯವರ ಮೇಲಿನ ಮುಕಾದಮ ನೋಡಿ ಚಾಡಿ ಹೇಳಿದ್ದ. ಆದರೆ ಡೇರೆಯ ಮೂಲೆಯನ್ನು ಅವಳಷ್ಟು ಗಟ್ಟಿಯಾಗಿ ಹೊಲಿಯುವವರಿಲ್ಲ. ಬರಿಯ ಅನುಮಾನಕ್ಕೆ ಅವಳನ್ನು ಬಿಡಲು ಕಂಪನಿ ಒಲ್ಲದು. ಖಾತ್ರಿಯಾದರೆ ಒಂದು ದಿನವೂ ಇಟ್ಟುಕೊಳ್ಳಲು ಒಲ್ಲದು. ಅವಳ ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ.

ಅಕ್ಕು ಪರದೆಯೊಳಗೆ ಹೋದಳು. ಮ್ಯಾನೇಜರರು ಕನ್ನಡದಲ್ಲಿ, ಮನೆಯ ಮಾತೆಂಬಂತೆ ಮೆಲ್ಲಗೆ ಕೇಳಿದರು: "ಏನು, ಅದನೋ ಇಲ್ಲೋ?"

ಬಸವಣ್ಣೆವ್ವ ಪರದೆ ಸರಿಸಿ ಹೊರಗೆ ಬಂದರು. ಗಟ್ಟಿ ದನಿಯಲ್ಲಿ, ಮರಾಠಿಯಲ್ಲಿ ಉತ್ತರಿಸಿದರು: "ಸೂತ ನಾಹೀ, ಸಾಹೇಬ." ನೂಲು ಇಲ್ಲ.

"ನೂಲಿನ ಮಾತಲ್ಲ. ನಾ ಕೇಳೂದು ನಿನಗ ಗೊತ್ತದ. ಕನ್ನಡದಾಗ ಹೇಳು."

ಬಸವಣ್ಣೆವ್ವ ಕನ್ನಡಕ್ಕೆ ಬರಲಿಲ್ಲ. ಮರಾಠಿಯಲ್ಲೇ, ಸಾಲಿನ ಕೊನೆಯವರೆಗೆ ಕೇಳುವಂತೆ ಹೇಳಿದರು. ತನ್ನನ್ನು ಇಟ್ಟಿರುವುದು ನೂಲು ಹುಡುಕಲಿಕ್ಕೆ. ಹೆಂಗಸರ ಹೊಟ್ಟೆಯಲ್ಲಿ ಏನಿದೆ ಎಂದು ಸಾಹೇಬರಿಗೆ ತಿಳಿಯಬೇಕಾಗಿದ್ದರೆ, ಇವರೆಲ್ಲ ಇಲ್ಲೇ ಇದ್ದಾರೆ, ಇವರಿಗೆ ತಿಳಿಯುವ ಮಾತಿನಲ್ಲೇ ಕೇಳಲಿ.

ಸಾಲಿನ ಹಿಂದಿನಿಂದ ಒಬ್ಬ ಮುದುಕಿ, "ವಿಚಾರಾ ಸಾಹೇಬ, ಕೇಳಿ. ನನ್ನಿಂದಲೇ ಶುರು ಮಾಡಿ" ಎಂದಳು. ಸಾಲಿಗೆ ಸಾಲೇ ನಕ್ಕಿತು. ಮ್ಯಾನೇಜರರು ಛತ್ರಿ ಎತ್ತಿಕೊಂಡು ಹೊರಟುಹೋದರು.

ಅಕ್ಕು ಬಸುರಿಯೋ ಅಲ್ಲವೋ? ನನಗೆ ಗೊತ್ತಿಲ್ಲ. ಕೇಳಬಾರದಿತ್ತು, ಕೇಳಿದೆ. "ನಿಮಗೂ ನೂಲು ಬೇಕೇನ್ರಿ?" ಎಂದು ಬಸವಣ್ಣೆವ್ವ ನಕ್ಕರು.

ಸೋಮವಾರ ಆಜ್ಞೆ ಬಂತು. ಬಸವಣ್ಣೆವ್ವನ ಕೈ ಮಂದವಾಗಿದೆಯಂತೆ. ಈ ವಾರ ಕಳೆದ ಮೇಲೆ ಗೋದಾಮಿನ ಕಸ, ಇನ್ನೂ ಕಡಿಮೆ ಪಗಾರ. ಬಾಗಿಲಿಗೆ ಹೊಸಬಳನ್ನು ತಂದಿದ್ದಾರೆ. ಹೋಗುವ ಮೊದಲು ಅವಳಿಗೆ ಕೆಲಸ ಕಲಿಸಿಕೊಡಬೇಕಂತೆ. ಕೈ ಮಂದವಾದವರೇ ಕಲಿಸಬೇಕು! ಇಂಥ ಕಂಪನಿಯ ವರದಿಯಲ್ಲಿ ಈ ವರ್ಷದ ಲಾಭಕ್ಕೆ ಆಡಳಿತದ ಜಾಣ್ಮೆ ಕಾರಣವೆಂದು ಬರೆಯುತ್ತಾರೆ, ಪಾಲುದಾರರು ಚಪ್ಪಾಳೆ ತಟ್ಟುತ್ತಾರೆ.

ಹೆಸರು ಹಾಕಿದರೆ ಗೋದಾಮಿನ ಕೆಲಸವೂ ಹೋದೀತು ಎಂದು ಮೂರು ಸಲ ಎಚ್ಚರಿಸಿದೆ. "ಹಾಕ್ರಿ. ಸಾಲಿನ ಮುಂದ ಹೇಳಿದ್ದು, ಕದ್ದು ಹೇಳಿದ್ದಲ್ಲ" ಎಂದರು.

ಗುರುವಾರ ಸಂಜೆ ನಾನು ಹೋದಾಗ ಪರದೆಯ ಹಿಂದೆ ಇಬ್ಬರಿದ್ದಾರೆ. ಹೊಸಬಳಿಗೆ ಇನ್ನೂ ಕೈ ಎಲ್ಲಿಡಬೇಕೆಂದು ತಿಳಿಯದು, ನಾಚುತ್ತಾಳೆ. ಬಸವಣ್ಣೆವ್ವನ ದನಿ ಹೊರಗೆ ಕೇಳುತ್ತಿದೆ, ಮರಾಠಿಯಲ್ಲಿ, ಅವಸರವಿಲ್ಲದೆ. "ಟೊಂಕ ನೋಡು. ಸೆರಗು ಕೊಡವು. ಕುಬಸದ ಅಂಚು ನೋಡು. ಅಷ್ಟಕ್ಕ ನಿನ್ನ ಪಗಾರ ಮುಗೀತು. ಕೈ ತಗದು, ಮುಂದಿನಾಕಿನ್ನ ಕರಿ."

ಸಾಲು ಕರಗಿದ ಮೇಲೆ ಗೋಡೆಗೆ ಒರಗಿ, ಕಾಲು ಚಾಚಿ ಕೂತು ಅವರು ನನಗೆ ಹೇಳುತ್ತಾರೆ: "ಹುಡುಗಿ ಛಲೋ ಅದಾಳ್ರಿ. ಕೈ ಎಲ್ಲಿ ತಗೀಬೇಕು ಅನ್ನೂದು ಎರಡ ದಿನದಾಗ ಕಲ್ತಳು."