ಹೊಲಿಗೆಯ ಪಕ್ಕದಲ್ಲೇ ಕತ್ತರಿಸುತ್ತಿದ್ದ ಸಾಕಕ್ಕ

ಸಾಕಕ್ಕನ ಬಲಗೈ ಹೆಬ್ಬೆರಳಿನ ಬುಡದಲ್ಲಿ ಅವರೆಕಾಳಿನಷ್ಟು ಗಟ್ಟಿ ಗಂಟೊಂದಿತ್ತು. ಕತ್ತರಿ ಹಿಡಿದು ಹಿಡಿದು ಆದದ್ದು. "ನೀನು ನಾಲ್ಕನೇ ಕ್ಲಾಸು, ನಂಗೆ ಅದೂ ಇಲ್ಲ. ಇದೇ ಕಣಮ್ಮ ನನ್ನ ಸರ್ಟಿಫಿಕೇಟು" ಎಂದು ತೋರಿಸುತ್ತಿದ್ದಳು.

ರಾಮಕೃಷ್ಣನಗರದ ದೊಡ್ಡ ಬಟ್ಟೆ ಅಂಗಡಿಯೊಂದರಲ್ಲಿ ಅವಳು ಟೈಲರು, ನಾನು ನೆಲ ಒರೆಸುವವಳು. ಗಿರಾಕಿಗಳ ಪ್ಯಾಂಟು ಗಿಡ್ಡ ಮಾಡುವುದರ ಜೊತೆಗೆ ಅವಳಿಗೆ ಇನ್ನೊಂದು ಕೆಲಸವಿತ್ತು. ಮಾರಾಟವಾಗದೆ ಉಳಿದ ಹೊಸ ಬಟ್ಟೆಗಳನ್ನು ಯಾರೂ ತೊಡದಂತೆ ಕತ್ತರಿಸಿ ಹಾಕುವುದು. ಮೊದಲ ಸಲ ನೋಡಿದಾಗ ತಡೆಯಲಾರದೆ ಕೇಳಿಬಿಟ್ಟೆ.

"ಯಾರಿಗಾದ್ರೂ ಕೊಟ್ಬುಡಬಾರ್ದಾ ಅಕ್ಕ?"

"ಕೊಟ್ರೆ ನಾಳೆ ಇದೇ ಬಟ್ಟೆ ಸಂತೇಲಿ ಕಾಲು ಬೆಲೆಗೆ ಬತ್ತದೆ. ಆಮೇಲೆ ಇಲ್ಲಿ ಯಾರು ಕೊಂಡಾರು? ಅಂಗಡಿ ಹೆಸ್ರು ಉಳೀಲಿ ಅಂತ ಬಟ್ಟೆ ಕತ್ತು ಕುಯ್ಸ್ತಾರೆ, ಬುಡು."

ಚಿಂದಿಯನ್ನು ನೆಲ ಒರೆಸಲು ತೆಗೆದುಕೋ ಎಂದು ಮ್ಯಾನೇಜರೇ ನನಗೆ ಹೇಳಿದ್ದರು. ಹಾಗೇ ಒರೆಸುತ್ತಿದ್ದೆ. ಒಂದು ದಿನ ಸಾಕಕ್ಕ ನನ್ನ ಬಕೆಟ್ಟಿಗೆ ಕೈ ಹಾಕಿ ಕೂಗಿಕೊಂಡಳು: "ಅಯ್ಯೋ ಮೂದೇವಿ! ಹೊಸ ಲಂಗದಲ್ಲಿ ನೆಲ ಒರೆಸ್ತಿದ್ದೀಯಲ್ಲೇ!"

ಚಿಂದಿ ಮೂಟೆ ಬಿಚ್ಚಿ ತುಂಡುಗಳನ್ನು ನೆಲದ ಮೇಲೆ ಜೋಡಿಸಿದಳು. ತೋಳು, ಬೆನ್ನು, ಎದೆ. ಕತ್ತರಿ ಎಲ್ಲೂ ಬಟ್ಟೆಯ ನಡುವೆ ಆಡಿರಲಿಲ್ಲ. ಹೊಲಿಗೆಯ ಪಕ್ಕದಲ್ಲೇ ಸಾಗಿತ್ತು. ಮತ್ತೆ ಹೊಲಿದರೆ ಒಂದು ಬೆರಳಿನಷ್ಟು ಬಿಗಿಯಾಗುತ್ತಿತ್ತು, ಅಷ್ಟೆ. ಅಂದಿನಿಂದ ಚಿಂದಿಯನ್ನು ಮನೆಗೊಯ್ದು ಕೈಹೊಲಿಗೆ ಹಾಕತೊಡಗಿದೆ. ಇಲವಾಲದ ನಮ್ಮ ಬೀದಿಯ ಮಕ್ಕಳೆಲ್ಲ ಸಾಹುಕಾರರ ಮಕ್ಕಳಾದರು!

ಆಮೇಲೆ ಕಂಪನಿಯಿಂದ ಒಬ್ಬರು ತಪಾಸಣೆಗೆ ಬಂದರು. ತುಂಡುಗಳನ್ನು ತಿರುಗಿಸಿ ನೋಡಿದವರಿಗೆ ಗುಟ್ಟು ತಿಳಿಯಿತು. ಪುಟ್ಟ ಹಳದಿ ಫ್ರಾಕೊಂದನ್ನು ಅವಳ ಮುಂದೆ ಎಸೆದು, "ಎದೆ ಮೇಲೆ ಕತ್ತರಿಸಮ್ಮ, ನೋಡೋಣ. ಇಲ್ಲಾಂದ್ರೆ ನಾಳೆಯಿಂದ ಬರಬೇಡ" ಎಂದರು. ಗಂಡನಿಲ್ಲದ ಅವಳಿಗೆ ಆ ಸಂಬಳವೇ ಗತಿ.

"ಹೊಲ್ಗೆ ಬಿಚ್ಚೋ ಕೈ ಸಾರ್ ಇದು. ಹೊಟ್ಟೆ ಸೀಳೋ ಕೈಯಲ್ಲ" ಎಂದವಳೇ ಕತ್ತರಿಯನ್ನು ಚೀಲಕ್ಕೆ ಹಾಕಿಕೊಂಡಳು. "ಕತ್ತರಿ ನಂದು" ಎಂದು ಹೇಳಿ ಹೊರಟೇ ಹೋದಳು.

ಅವರು ಬೇರೆ ಕತ್ತರಿ ತಂದು ತಾವೇ ಫ್ರಾಕನ್ನು ಸೀಳಿದರು. ಅದೂ ಚಿಂದಿಯಾಗಿ ನನ್ನ ಪಾಲಿಗೇ ಬಂತು. ಒಯ್ದು ಶ್ರೀರಾಂಪುರದ ಅವಳ ಮನೆಯಲ್ಲಿ ಕೊಟ್ಟೆ. ಅಲ್ಲೇ ಬಾಗಿಲ ಪಕ್ಕ ಮಿಷನ್ನು ಹಾಕಿಕೊಂಡು ರವಿಕೆ ಹೊಲಿಯತೊಡಗಿದ್ದಳು. ವಾರ ಬಿಟ್ಟು ಹೋದಾಗ ಸೀಳಿದ ಜಾಗದಲ್ಲಿ ಹಸಿರು ಬಳ್ಳಿಯ ಕಸೂತಿ, ಅಂಚಿನಲ್ಲಿ ಮೂರು ಮಡಿಕೆ!

"ನಿನ್ನ ಮೊಮ್ಮಗಳಿಗೆ ಕಣೇ. ಬೆಳೆದಂಗೆಲ್ಲ ವರ್ಷಕ್ಕೊಂದು ಮಡ್ಕೆ ಬಿಚ್ಚು" ಎಂದಳು. ನಾನು ಅವಳನ್ನು ಕಂಡದ್ದು ಅದೇ ಕೊನೆ. ಮುಂದಿನ ತಿಂಗಳು ಎದೆನೋವು ಬಂದು ಹೋಗಿಬಿಟ್ಟಳಂತೆ.

ನಿನ್ನೆ ನನ್ನ ಬಂಗಾರಿ ಆ ಫ್ರಾಕು ತೊಟ್ಟು ಮೊದಲ ಸಲ ಅಂಗನವಾಡಿಗೆ ಹೊರಟಿತು ನೋಡಿ! ಎದೆಯ ಮೇಲಿನ ಬಳ್ಳಿಯನ್ನು ಮನೆಮನೆಗೂ ತೋರಿಸುತ್ತಾ ಅದು ಮುಂದೆ, ಕುಣಿಯುತ್ತಾ ನಾನು ಹಿಂದೆ. ಒಂದು ಮಡಿಕೆ ಬಿಚ್ಚಿದ್ದೇನೆ. ಸಾಕಕ್ಕ ಹಾಕಿದ ಇನ್ನೆರಡು ಹಾಗೇ ಇವೆ.